ಬಾಯಿಬಡುಕಿ

ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಪುಟ್ಟತಾಯಮ್ಮ ಒಂದು ದಿನವೂ ಅವಳನ್ನು ಹೆಸರು ಹಿಡಿದು ಕರೆದವರಲ್ಲ. ಅರಿಸಿನ ಕುಂಕುಮಕ್ಕೆ ಬಂದ ಹೆಂಗಸರ ಮುಂದೆಯೂ, “ಏ ಬಾಯಿಬಡುಕಿ, ಹರಟಿದ್ದು ಸಾಕು, ತಾಂಬೂಲ ತಾರೇ” ಎನ್ನುತ್ತಿದ್ದರು. ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸೊಸೆಯೂ ನಗುತ್ತಿದ್ದಳು.

ಲಕ್ವ ಹೊಡೆದು ಪುಟ್ಟತಾಯಮ್ಮನ ಬಲಗೈ ಬಿತ್ತು, ನಾಲಿಗೆಯೂ ಬಿತ್ತು.

“ಕಿವಿ, ಬುದ್ಧಿ ಎಲ್ಲ ಸರಿಯಾಗಿದೆ,” ಎಂದರು ಡಾಕ್ಟರು. “ಎದುರಿಗೆ ಕೂತು ಯಾರಾದರೂ ದಿನವಿಡೀ ಮಾತಾಡಿಸ್ತಾ ಇದ್ದರೆ ಮಾತು ವಾಪಸ್ ಬರುತ್ತೆ. ಸುಮ್ಮನೆ ಮಲಗಿಸಿಬಿಟ್ಟರೆ ಬರೋದು ಕಷ್ಟ.”

ಮಗನಿಗೆ ಹೋದ ಜೀವ ಬಂದಂತಾಯಿತು. “ಅದಕ್ಕೇನು ಡಾಕ್ಟ್ರೇ, ನನ್ನ ಹೆಂಡತಿ ಇದಾಳಲ್ಲ. ಅಮ್ಮನೇ ಅವಳಿಗೆ ಬಾಯಿಬಡುಕಿ ಅಂತ ಹೆಸರಿಟ್ಟಿದಾರೆ.”

ಆ ಹೆಸರು ಅಷ್ಟು ಹಿತವಾಗಿ ಕೇಳಿಸಿದ್ದು ಪುಟ್ಟತಾಯಮ್ಮನಿಗೆ ಅದೇ ಮೊದಲು.

ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಮಗ ಆಫೀಸಿಗೆ ಹೊರಟ. ಸೊಸೆ ಬಾಗಿಲು ಹಾಕಿಕೊಂಡು ಬಂದು, ಮಂಚದ ಎದುರಿಗೆ ಕುರ್ಚಿ ಎಳೆದು, ನೆನೆಸಿದ ಅವರೆಕಾಳಿನ ಬೋಗುಣಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಾಳು ಹಿದುಕಲು ಕೂತಳೆಂದರೆ ಅವಳ ಬಾಯಿಗೆ ತಡೆಯೇ ಇರುತ್ತಿರಲಿಲ್ಲ. ಪುಟ್ಟತಾಯಮ್ಮ ಆಸೆಯಿಂದ ಕಾದರು. ಹಿದುಕಿದ ಬೇಳೆಯ ಪಾತ್ರೆ ತುಂಬುತ್ತಾ ಬಂತು, ಸೊಸೆಯ ಬಾಯಿಂದ ಮಾತು ಬರಲಿಲ್ಲ. “ಮ್... ಮ್...” ಎಂದು ಕರೆದರು. ಸೊಸೆ ತಲೆಯೆತ್ತಿ ನೋಡಿದಳು, ನಕ್ಕಳು, ಮತ್ತೊಂದು ಕಾಳು ಹಿದುಕಿದಳು.

ಸಂಜೆ ಮಗ ಚಪ್ಪಲಿ ಬಿಡುತ್ತಲೇ ಕೇಳಿದ, “ಏನೇ, ಅಮ್ಮನ ಹತ್ರ ಚೆನ್ನಾಗಿ ಮಾತಾಡಿದೆಯಾ?”

“ಅಯ್ಯೋ, ಬೆಳಗಿಂದ ಬಾಯಿಗೆ ಬಿಡುವೇ ಇಲ್ಲ ಕಣ್ರೀ. ಬೇಕಾದ್ರೆ ನಿಮ್ಮಮ್ಮನ್ನೇ ಕೇಳಿ.”