ಬೀಳುವುದನ್ನು ಮಾರುವವಳು

ಮೈದಾನದ ನಟ್ಟನಡುವೆ ಅಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದನ್ನು ಕಂಡು ಬೆಂಕಿಪೊಟ್ಟಣನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಮಾತುಮಾತಿಗೂ ಹೊತ್ತಿಕೊಳ್ಳುವವನೆಂದು ವಿಮಾನ ಕಟ್ಟುವ ಶೆಡ್ಡಿನವರೆಲ್ಲ ಸೇರಿ ಅವನಿಗೆ ಇಟ್ಟ ಹೆಸರು ಅದು.

"ಅಕ್ಕಾ, ಅಮ್ಮ ಅಲ್ಲೇನು ಮಾಡ್ತಿದಾಳೆ?"

"ಕೂತಿದಾಳೆ," ಎಂದಳು ಅಕ್ಕ, ರಿಮೋಟಿಗೆ ಬ್ಯಾಟರಿ ಹಾಕುತ್ತ.

"ಅದು ಕಾಣ್ತಿದೆ. ಯಾಕೆ ಕೂತಿದಾಳೆ?"

"ವಿಮಾನ ಅವಳ ತಲೆ ಮೇಲೆ ಬೀಳ್ಬೇಕಲ್ಲ, ಅದಕ್ಕೆ."

ಅಕ್ಕ ತಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದುದು ಚಾಲಕನಿಲ್ಲದ ವಿಮಾನ ಮಾಡುವ ಪುಟ್ಟ ಕಂಪನಿ. ಕಟ್ಟುವುದು ಅವನು, ಮಾರುವುದು ಅವಳು. ರಕ್ತ, ಔಷಧಿಗಳನ್ನು ಮನೆಗಳ ಮೇಲಿಂದ ಊರಾಚೆಯ ಶಾಖೆಗೆ ಕಳಿಸಲು ದೊಡ್ಡಾಸ್ಪತ್ರೆಗೆ ಇಂಥ ವಿಮಾನಗಳು ಬೇಕಿದ್ದವು. ಪೈಪೋಟಿಗೆ ನಿಂತದ್ದು ಹೆಸರಾಂತ ಕಂಪನಿ. ಅವರದು ಹೆಚ್ಚು ದೂರ ಹಾರುತ್ತದೆ, ಹೆಚ್ಚು ಭಾರ ಹೊರುತ್ತದೆ. ಈ ಆರ್ಡರು ಕೈತಪ್ಪಿದರೆ ಶೆಡ್ಡನ್ನು ಉಪಕರಣಗಳ ಸಮೇತ ಅವರೇ ನುಂಗುತ್ತಾರೆ, ಅದೂ ಗೊತ್ತಿತ್ತು. ದೊಡ್ಡ ಮೋಟಾರು ಹಾಕೋಣ ಎಂದು ತಮ್ಮ ಹಟ ಹಿಡಿದಿದ್ದ. ಅಕ್ಕ ಬೇರೆಯದೇ ಲೆಕ್ಕದಲ್ಲಿದ್ದಳು. ಎರಡೂ ಕಂಪನಿಗಳನ್ನು ಕರೆದಿದ್ದ ಸಭೆಯಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಕೇಳಿದ್ದು ಒಂದೇ ಪ್ರಶ್ನೆ: "ದಾರೀಲಿ ಕೆಟ್ಟು ನಿಂತ್ರೆ?" ನಮ್ಮದು ಕೆಡುವುದೇ ಇಲ್ಲ ಎಂದು ದೊಡ್ಡ ಕಂಪನಿಯವರು ನಕ್ಕುಬಿಟ್ಟಿದ್ದರು. ಡಾಕ್ಟರಮ್ಮ ನಗಲಿಲ್ಲ. ಅದನ್ನು ನೋಡಿದವಳು ಅಕ್ಕ ಒಬ್ಬಳೇ.

"ಹಾರೋದನ್ನ ಅವರು ಮಾರ್ಕೊಳ್ಲಿ, ನಾವು ಬೀಳೋದನ್ನ ಮಾರೋಣ," ಎಂದಿದ್ದಳು ಅಂದೇ. ಶೆಡ್ಡಿನ ತಗಡು ಅದುರುವಂತೆ ಅವನು ಕೂಗಾಡಿದ್ದ. "ನಾನು ಕಟ್ಟಿದ್ದು ಹಾರೋಕೆ ಕಣೇ! ಬೀಳೋದನ್ನ ಯಾವ ದಡ್ಡ ಕೊಳ್ತಾನೆ?" ಕೂಗಾಡಿ ಸುಸ್ತಾದ ಮೇಲೆ ಅವಳು ಹೇಳಿದ್ದನ್ನೇ ಮಾಡಿಕೊಟ್ಟಿದ್ದ. ಮೋಟಾರು ನಿಂತೊಡನೆ ಒಂದು ಸ್ಪ್ರಿಂಗ್ ಬಾಲವನ್ನು ಮೇಲಕ್ಕೆ ಬಾಗಿಸುತ್ತದೆ, ಆಮೇಲೆ ವಿಮಾನ ನಿಧಾನವಾಗಿ ಸುತ್ತುತ್ತ ಇಳಿಯುತ್ತದೆ. ಮರಳಿನ ಚೀಲಗಳ ಮೇಲೆ ಬೀಳಿಸಿ ಬೀಳಿಸಿ ನೋಡಿದ್ದ. ಕೂದಲಿರುವ ತಲೆಯ ಮೇಲೆ ಮಾತ್ರ ಎಂದೂ ಬೀಳಿಸಿರಲಿಲ್ಲ.

ಅವನು ದಾಪುಗಾಲು ಹಾಕಿ ಅಮ್ಮನ ಹತ್ತಿರ ಹೋದ. "ಏಳಮ್ಮ. ಅವಳಿಗಂತೂ ತಲೆ ಕೆಟ್ಟಿದೆ, ನಿನಗೂನಾ?"

"ಇದನ್ನ ಕಟ್ಟಿದ್ದು ನೀನೇ ತಾನೆ?"

"ಹೂಂ."

"ನೆಟ್ಟಗೆ ಕಟ್ಟಿದೀಯ ತಾನೆ?"

ಅವನು ಸೊಂಟಕ್ಕೆ ಕೈಯಿಟ್ಟು ಅವಳೆದುರೇ ನಿಂತ.

"ಮತ್ತೇನು, ಆ ಕಡೆ ಸರ್ಕೋ. ನೀನು ಅಡ್ಡ ನಿಂತು ಆಕಾಶನೇ ಕಾಣ್ತಿಲ್ಲ."

ಪರೀಕ್ಷೆ ನೋಡಲು ಡಾಕ್ಟರಮ್ಮ ಬಂದರು. ಬಾಗಿಲಗಲ ರೆಕ್ಕೆಯ ವಿಮಾನವನ್ನು ಬೆಂಕಿಪೊಟ್ಟಣ ತಲೆಯ ಮೇಲೆತ್ತಿ ಓಡಿ ಗಾಳಿಗೆ ಬಿಟ್ಟ. ಅಕ್ಕ ಅದನ್ನು ಮೇಲೇರಿಸಿ ಏರಿಸಿ ಅಮ್ಮನ ನೆತ್ತಿಯ ನೇರಕ್ಕೆ ತಂದಳು. ಆಮೇಲೆ ಮೋಟಾರು ನಿಲ್ಲಿಸುವ ಕೆಂಪು ಗುಂಡಿಯ ಪೆಟ್ಟಿಗೆಯನ್ನು ಡಾಕ್ಟರಮ್ಮನ ಕೈಗಿಟ್ಟಳು. "ನೀವೇ ಒತ್ತಿ ಡಾಕ್ಟ್ರೇ. ನಾವು ಒತ್ತಿದ್ರೆ ಕಣ್ಕಟ್ಟು ಅನ್ಸುತ್ತೆ."

"ಕೆಳಗೆ ಕೂತಿರೋರು ಯಾರು?"

"ನಮ್ಮಮ್ಮ."

"ಅವರಿಗೆ ಗೊತ್ತಾ?"

"ಕುರ್ಚಿ ಹೊತ್ಕೊಂಡು ಬಂದಿದ್ದೇ ಅವಳು."

ಡಾಕ್ಟರಮ್ಮನ ಹೆಬ್ಬೆರಳು ಗುಂಡಿಯ ಮೇಲೆ ಬಹಳ ಹೊತ್ತು ತಡೆಯಿತು. ಕೊನೆಗೆ ಒತ್ತಿತು.

ಮೋಟಾರಿನ ಸದ್ದು ಕತ್ತರಿಸಿದಂತೆ ನಿಂತಿತು. ಅಷ್ಟು ದೊಡ್ಡ ನಿಶ್ಶಬ್ದವನ್ನು ಬೆಂಕಿಪೊಟ್ಟಣ ಹಿಂದೆಂದೂ ಕೇಳಿರಲಿಲ್ಲ. ಬಾಲ ಮೇಲಕ್ಕೆ ಬಾಗಿತು. ಹಾರುವಾಗ ಸಿಟ್ಟಿನಿಂದ ಗಾಳಿಯನ್ನು ಸೀಳುತ್ತಿದ್ದ ಅದೇ ವಿಮಾನ, ಈಗ ಗಾಳಿಯ ಮೈಮೇಲೆ ಒರಗಿಕೊಂಡು, ಮಾಗಿದ ಎಲೆಯೊಂದು ಅವಸರವಿಲ್ಲದೆ ಕಳಚಿಕೊಂಡಂತೆ, ಸುತ್ತು ಸುತ್ತಾಗಿ ಇಳಿಯತೊಡಗಿತು. ರೆಕ್ಕೆಯ ಅಂಚಿನಲ್ಲಿ ಬಿಸಿಲು ಹೊಳೆದು ಆರಿತು, ಮತ್ತೆ ಹೊಳೆಯಿತು. ಇದನ್ನು ಅಂಟು ಹಚ್ಚಿ, ಉಜ್ಜಿ, ಬೈದು ಕಟ್ಟಿದ್ದು ತಾನೇ ಎಂಬುದು ಅವನಿಗೆ ಮರೆತುಹೋಯಿತು. ಯಾರೋ ಯಾವ ಕಾಲದಲ್ಲೋ ಮಾಡಿಟ್ಟದ್ದು ತನ್ನ ಕಣ್ಣೆದುರು ಇಳಿದು ಬರುತ್ತಿದೆ ಅನ್ನಿಸಿತು. ಅದರ ನೆರಳು ಅಮ್ಮನ ಸುತ್ತ ಹುಲ್ಲಿನ ಮೇಲೆ ತಿರುಗುತ್ತ ತಿರುಗುತ್ತ ಗಾಢವಾಯಿತು. ಅಮ್ಮ ಕತ್ತೆತ್ತಿ ನೋಡುತ್ತಲೇ ಇದ್ದಳು. ರೆಕ್ಕೆ ಅವಳ ಭುಜವನ್ನು ಒಮ್ಮೆ ಸವರಿ ಹುಲ್ಲಿಗೆ ಜಾರಿತು. ನೊಣ ಕೂತಿತ್ತೇನೋ ಎಂಬಂತೆ ಅವಳು ತೋಳು ಕೊಡವಿಕೊಂಡಳು.

ಡಾಕ್ಟರಮ್ಮ ನೇರ ಮೈದಾನದ ನಡುವೆ ನಡೆದು ಹೋದರು.

"ಸ್ವಲ್ಪ ಏಳ್ತೀರಾ?"

ಅಮ್ಮ ಎದ್ದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕೋಟಿನ ಜೇಬಿಗೆ ಹಾಕಿ, ಆ ಕುರ್ಚಿಯಲ್ಲಿ ಕೂತರು. "ಇನ್ನೊಂದ್ಸಲ ಹಾರ್ಸಿ," ಎಂದರು. "ಈ ಸಲ ಕಟ್ಟಿದವರೇ ಒತ್ಲಿ."

ವಿಮಾನ ಮತ್ತೆ ಮೇಲೇರಿತು, ಚುಕ್ಕೆಯಾಯಿತು. ಅಕ್ಕ ಪೆಟ್ಟಿಗೆಯನ್ನು ತಮ್ಮನ ಅಂಗೈಗಿಟ್ಟಳು. ತನ್ನ ಕೆಲಸವನ್ನು ಜನ ನಂಬುವುದಿಲ್ಲ ಎಂದು ಇಷ್ಟು ದಿನ ಉರಿದುಬಿದ್ದವನು ಈಗ ಆ ಕೆಂಪು ಗುಂಡಿಯನ್ನೇ ನೋಡುತ್ತ ನಿಂತ.

ದೂರದಲ್ಲಿ ಎರಡು ಮುಖಗಳು ಆಕಾಶದತ್ತ ತಿರುಗಿದ್ದವು. ಒಂದು ಕೂತದ್ದು, ಒಂದು ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತದ್ದು.

"ಒತ್ತೋ," ಅಮ್ಮ ಕೂಗಿದಳು. "ಪಾಪ, ಅವರಿಗೂ ಕತ್ತು ನೋಯುತ್ತೆ."