ಕೋಟೆಯ ಕಲ್ಲು

"ಒಬ್ಬೊಬ್ಬರೇ ಮುಟ್ಟಿ ನೋಡಿ, ಮುಂದಕ್ಕೆ ಕೊಡಿ," ಎಂದು ವಿಜಯಪುರದ ಡಾಕ್ಟರ್ ಅಮೃತಪ್ಪ ಮುಷ್ಟಿಗಾತ್ರದ ಕಲ್ಲೊಂದನ್ನು ಸಭಿಕರಿಗೆ ದಾಟಿಸಿದರು. ಇಂಗ್ಲೆಂಡಿನ ರೇನರ್ಸ್ ಲೇನ್ ಬಡಾವಣೆಯಲ್ಲಿ ಅಂದು ಕನ್ನಡಿಗರ ತಿಂಗಳ ಕೂಟ. ಫ್ರಾನ್ಸಿನ ಕೋಟೆಹಳ್ಳಿಯೊಂದರ ಮಧ್ಯಯುಗದ ಚರಿತ್ರೆಯ ಮೇಲೆ ಅವರ ಉಪನ್ಯಾಸ. ಮೂಳೆ ಡಾಕ್ಟರಿಕೆಯಿಂದ ನಿವೃತ್ತರಾಗಿ, ಹೋದ ಆಗಸ್ಟಿನಲ್ಲಿ ಒಂದು ವಾರ ಆ ಹಳ್ಳಿಯಲ್ಲಿದ್ದು ಬಂದು, ಈಗ ಇತಿಹಾಸಕಾರರಾಗಿದ್ದರು. ಅರ್ಧ ಕೊಡ ತುಳುಕುತ್ತದೆಂಬುದು ಅವರಿಗೂ ಗೊತ್ತಿತ್ತು. ಆದರೆ ತುಳುಕುವ ಸುಖವೇ ಬೇರೆ.

ಅವರಿಗೆ ಬೇಕಾದದ್ದು ಒಬ್ಬರ ಮೆಚ್ಚುಗೆ ಮಾತ್ರ. ಮೊದಲ ಸಾಲಿನಲ್ಲಿದ್ದ ಹೆಂಡತಿ ಗುರುದೇವಿ ಬೆಳಿಗ್ಗೆಯೇ ಅಂದಿದ್ದಳು: "ಎಲುಬು ಜೋಡಸೂದು ನಿಮ್ಮ ಕೆಲಸ. ಇತಿಹಾಸ ನಿಮಗ್ಯಾಕ್ರೀ? ಮಂದಿ ನಗ್ತಾರ." ಇವತ್ತು ಅವಳ ಬಾಯಲ್ಲಿ 'ಭೇಷ್' ಅನ್ನಿಸದಿದ್ದರೆ ತಾನು ಅಮೃತಪ್ಪನೇ ಅಲ್ಲ ಎಂದು ಅವರು ಪಣ ತೊಟ್ಟಿದ್ದರು.

ಉಪನ್ಯಾಸ ರಂಗೇರಿತು. ಇಂಗ್ಲಿಷರ ದಂಡು ಬಂದಾಗ ಊರಿನವರು ದನಕರುಗಳ ಸಮೇತ ಗೋಡೆಯೊಳಗೆ ಸೇರಿ ಬಾಗಿಲು ಜಡಿದದ್ದು, ಹೆಂಗಸರು ಮೇಲಿನಿಂದ ಕುದಿಯುವ ನೀರು ಸುರಿದದ್ದು, ದಂಡು ಬಂದ ದಾರಿ ಹಿಡಿದದ್ದು. ಎಲ್ಲರೂ ಕಾಫಿ ಮರೆತು ಕೇಳುತ್ತಿದ್ದರು. ಗುರುದೇವಿ ಕೂಡ ಮೊಬೈಲನ್ನು ಚೀಲಕ್ಕೆ ಹಾಕಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಉಬ್ಬಿಹೋದ ಅಮೃತಪ್ಪ ದನಿ ಏರಿಸಿದರು: "ಶತ್ರುಗಳಿಗೆ ಬಗ್ಗದ ಗೋಡೆಯನ್ನ ಕೆಡವಿದವರು ಯಾರು ಗೊತ್ತೇ? ಅಲ್ಲಿಯ ಜನಾನೇ! ಯುದ್ಧ ಮುಗಿದ ಮೇಲೆ ಒಬ್ಬೊಬ್ಬರು ಒಂದೊಂದು ಕಲ್ಲು ಮನೆಗೆ ಒಯ್ದರು. ಎಂಥಾ ತಿಳಿಗೇಡಿಗಳು ಇರಬೇಕು!"

ಕಲ್ಲು ಅಷ್ಟರಲ್ಲಿ ಸುತ್ತು ಮುಗಿಸಿ ಗುರುದೇವಿಯ ಕೈಗೆ ಬಂದಿತ್ತು. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಅಲ್ರೀ, ಮತ್ತ ಈ ಕಲ್ಲು ನಿಮಗ ಯಾರು ಕೊಟ್ರು?"

ಅಮೃತಪ್ಪ ಮೈಕನ್ನು ಕೆಳಗಿಳಿಸಿದರು. "ಅದು... ನೆಲದ ಮ್ಯಾಲ ಬಿದ್ದಿತ್ತು."

ಮಾತು ಮುಗಿಯಿತೆಂದುಕೊಂಡು, ಲ್ಯಾಪ್‌ಟಾಪಿನ ಬಳಿಯಿದ್ದ ತಿರುಮಲೇಶ ಮುಂದಿನ ಚಿತ್ರ ಒತ್ತಿದ. ಅಮೃತಪ್ಪ ಫೋನಿನಲ್ಲಿದ್ದ ಚಿತ್ರಗಳನ್ನೆಲ್ಲ ನೋಡದೆಯೇ ಅವನಿಗೆ ಕಳಿಸಿಬಿಟ್ಟಿದ್ದರು. ಪರದೆಯ ತುಂಬ ಅವರದೇ ಸೆಲ್ಫಿ, ಹಲ್ಲುಕಿರಿದ ಮುಖ. ಒಂದು ಕೈಯಲ್ಲಿ ಕಲ್ಲು. ಹೆಗಲ ಪಕ್ಕದ ಕೋಟೆಗೋಡೆಯಲ್ಲಿ ಅದರದೇ ಅಳತೆಯ ಹೊಸ ತೂತು.

ಅಮೃತಪ್ಪನವರಿಗೆ ನಾಚಿಕೆಯಾಯಿತು, ಅದರ ಹಿಂದೆಯೇ ನಗುವೂ ಬಂತು. ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡರು.

"ಈ ಕೋಟೆ ಮ್ಯಾಲಿನ ಕಡೀ ದಾಳಿ ಹೋದ ಆಗಸ್ಟಿನಾಗ ಆತು," ಎಂದರು. "ದಾಳಿ ಮಾಡಿದಾಂವ ವಿಜಯಪುರದಾಂವ."

ಮೊದಲ ಸಾಲಿನಿಂದ ಒಂದೇ ದನಿ ಕೇಳಿಬಂತು: "ಭೇಷ್!"