ಮುಟ್ಟಬಾರದ ಸಮುದ್ರ

ಬಾಡಿದ ಹಲಸಿನ ಸೊಪ್ಪಿನ ವಾಸನೆ ಬಂದರೆ ನನಗೆ ಇಂದಿಗೂ ಸಮುದ್ರ ನೆನಪಾಗುತ್ತದೆ.

ನಾನು ದೊಡ್ಡವಳಾದೆನೆಂದು ಕೆಂಚಾರ್ಲಹಳ್ಳಿಯ ನಮ್ಮ ಮನೆಯ ಜಗಲಿ ಪಕ್ಕ ಸೋದರಮಾವ ಸೊಪ್ಪಿನ ಗುಡ್ಲು ಹಾಕಿ, ನನ್ನನ್ನು ಅದರೊಳಗೆ ಕೂರಿಸಿದ್ದರು. ಯಾರೂ ನನ್ನನ್ನು ಮುಟ್ಟುವಂತಿರಲಿಲ್ಲ. "ಇನ್ನು ಸ್ಕೂಲು ಸಾಕು" ಎಂದು ಮನೆಯ ಯಜಮಾನ ದೊಡ್ಡಪ್ಪ ಅಂದೇ ತೀರ್ಮಾನಿಸಿಬಿಟ್ಟಿದ್ದ. ಅಂದು ಮಧ್ಯಾಹ್ನವೇ ಚಿಕ್ಕಮ್ಮ ತನ್ನ ಸ್ಕೂಲು ಶುರುಮಾಡಿದಳು. ಗುಡ್ಲಿನ ಹೊರಗೆ ಕೂತು, ಸಮುದ್ರಜೀವಿಗಳ ಚಿತ್ರವಿದ್ದ ತನ್ನ ಹಳೆಯ ಪುಸ್ತಕವನ್ನೂ ಚೌಕಾಬಾರದ ಕವಡೆಗಳನ್ನೂ ಒಳಕ್ಕೆ ತಳ್ಳಿದಳು.

"ಇವು ಬರೀ ಆಟದ ಕವಡೆ ಅಲ್ಲ ಕಣಮ್ಮ. ಬಸವನಹುಳದ ತರದ್ದೊಂದು ಪ್ರಾಣಿ ತಾನೇ ಕಟ್ಕೊಂಡಿದ್ದ ಮನೆ. ಬದುಕಿರೋವಾಗ ತನ್ನ ಮೈಯನ್ನೇ ಚಿಪ್ಪಿನ ಮೇಲೆ ಹೊದ್ಸಿರುತ್ತೆ, ಅದಕ್ಕೇ ಇಷ್ಟು ನುಣುಪು."

ನಾನು ಕವಡೆಯ ಹಲ್ಲುಗಳ ಮೇಲೆ ಬೆರಳಾಡಿಸುತ್ತಿದ್ದಾಗ ದೊಡ್ಡಪ್ಪ ಬಂದ.

"ಕೆರೆ ಏರಿ ದಾಟದೋಳಿಗೆ ಸಮುದ್ರ ಯಾಕೆ? ಕೊಡೇ ಆ ಪುಸ್ತಕ!"

ನಾನು ಪುಸ್ತಕವನ್ನು ಸೊಪ್ಪಿನ ಸಂದಿಯಿಂದ ಹೊರಗೆ ಚಾಚಿದೆ. "ತಗೋ ದೊಡ್ಡಪ್ಪ."

ಮೈಲಿಗೆಯಾದದ್ದನ್ನು ಮುಟ್ಟಲಾರದೆ ಆತ ಹಿಂದಕ್ಕೆ ಸರಿದ. ಸಿಟ್ಟು ಚಿಕ್ಕಮ್ಮನ ಮೇಲೆ ತಿರುಗಿತು. "ನೀನು ಎದ್ದು ಅಡಿಗೆಮನೆಗೆ ನಡಿಯಮ್ಮ. ಮುದ್ದೆಗೆ ಎಸರಿಡು."

ಚಿಕ್ಕಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆ ಬಗ್ಗಿಸಿ ಗುಡ್ಲಿನೊಳಕ್ಕೆ ಬಂದು, ನನಗೆ ಅಂಟಿಕೊಂಡು ಕೂತಳು.

"ಈಗ ನಾನೂ ಮೈಲಿಗೆ ಭಾವ, ಎಸರು ನೀವೇ ಇಡಿ" ಅಂದವಳು ನನ್ನ ಕಡೆ ತಿರುಗಿದಳು. "ಪುಟ ತಿರುಗ್ಸಮ್ಮ. ಮುಂದೆ ತಿಮಿಂಗಿಲ."